ಬೈರಣ್ಣ ಟೀವಿ ಪೆಟ್ಟಿಗೆಗೆ ಕೆಮ್ಮಣ್ಣು ಹಚ್ಚಿದ್ದು

ಬೈರಣ್ಣ ಹೋರಾಟಕ್ಕೆ ಹೊರಟನೆಂದರೆ ಹೆಂಡತಿ ಗಂಗೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ.

"ಇವತ್ತು ಪಲಾವೋ, ಚಿತ್ರಾನ್ನವೋ?"

ಮನ್ಮನೆ ಊರಿನ ಈ ರೈತ ಅದಕ್ಕೆ ಯಾವತ್ತೂ ಉತ್ತರ ಕೊಟ್ಟವನಲ್ಲ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬಸ್ಸಿನ ದಾರಿ ಹಿಡಿಯುತ್ತಿದ್ದ. ಸಂಜೆ ಬಂದ ಮೇಲೆ ಗಂಗೆ ಅಂಗಿಯ ತೋಳಿಗೆ ಹತ್ತಿದ ಅರಿಶಿನದ ಕಲೆ ನೋಡಿ ತಾನೇ ಉತ್ತರ ಕಂಡುಕೊಳ್ಳುತ್ತಿದ್ದಳು.

"ಚಿತ್ರಾನ್ನ. ಮತ್ತೆ ಜಾಗದ ಪಟ್ಟದ್ದು ಎಂತಾ ಆಯ್ತು?"

"ಮನವಿ ಕೊಟ್ಟಾಯ್ತು."

"ಅವ್ರು ಎಂತ ಅಂದ್ರು?"

"ಪರಿಶೀಲಿಸ್ತೇವೆ ಅಂದ್ರು."

"ಹೋದ್ಸಲನೂ ಅದೇ ಅಂದಿದ್ರಲ."

"ಹೋದ್ಸಲ ಅಂದಿದ್ದು ಬೇರೆ ಸಾಯೇಬ್ರು."

ಅಪ್ಪನ ಕಾಲಕ್ಕೆ ಬೈರಣ್ಣನ ಮನೆ ಗೇಣಿ ಒಕ್ಕಲು. ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಒಂದು ಗದ್ದೆ ಕೈಗೆ ಬಂತು. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮೇಲೆ ಅದು ಒಂದು ಎತ್ತು ತಿರುಗಿದರೆ ಇನ್ನೊಂದು ಎತ್ತು ಪಕ್ಕದವನ ಬದುವಿಗೆ ಕಾಲಿಡುವಷ್ಟಾಯಿತು. ಗುಡ್ಡದ ಬುಡದ ಒಂದು ತುಂಡನ್ನು ಗಂಡ ಹೆಂಡತಿ ಸೇರಿ ಕಡಿದು, ಕಲ್ಲು ಹೆಕ್ಕಿ, ಹಸನು ಮಾಡಿದರು. ಗದ್ದೆಗೆ ಕಾಗದ ಉಂಟು, ಗುಡ್ಡದ ತುಂಡಿಗೆ ಇಲ್ಲ. ಸರ್ಕಾರದ ಪುಸ್ತಕದಲ್ಲಿ ಅದು ಇವತ್ತಿಗೂ ದಟ್ಟ ಕಾಡು. ಕಣ್ಣಿಟ್ಟು ನೋಡಿದರೆ ಬಾಳೆ, ಶುಂಠಿ, ಗಂಗೆಯ ಸೌತೆ ಬಳ್ಳಿ. ಆ ತುಂಡಿನ ಪಟ್ಟಕ್ಕಾಗಿ ಬೈರಣ್ಣ ಮೀಸೆ ಕಪ್ಪಿದ್ದಾಗಿಂದ ಸಿದ್ದಾಪುರ, ಸಿರ್ಸಿ, ಯಲ್ಲಾಪುರ ಎಂದು ತಿರುಗುತ್ತಿದ್ದಾನೆ. ಈಗ ಮೀಸೆ ಬೆಳ್ಳಗಾಗಿದೆ. ಕಾಡು ಮಾತ್ರ ಪುಸ್ತಕದಲ್ಲಿ ಹಾಗೇ ಹಸಿರಾಗಿದೆ.

ಹೋರಾಟದಲ್ಲಿಯೂ ಎರಡು ಜಾತಿ. ಮೈಕು ಹಿಡಿಯುವ ಜಾತಿ, ಕೋಲು ಹಿಡಿಯುವ ಜಾತಿ. ಬೈರಣ್ಣ ಎರಡನೆಯದು. ಬ್ಯಾನರಿನ ಎಡಗಡೆಯ ಕೋಲು ಅವನದ್ದು ಎಂದು ಮೂರು ತಾಲೂಕಿಗೂ ಗೊತ್ತು. ಕೋಲು ಹಿಡಿದವನಿಗೆ ಒಂದು ಕಷ್ಟ ಉಂಟು. ಬ್ಯಾನರು ಊರಿಗೆಲ್ಲ ಕಾಣುತ್ತದೆ, ಹಿಡಿದವನು ಅದರ ಹಿಂದೆ ಮುಚ್ಚಿಹೋಗುತ್ತಾನೆ. ಪೇಪರಿನಲ್ಲಿ ಫೋಟೋ ಬಂದಾಗಲೆಲ್ಲ ಬೈರಣ್ಣ ಅದನ್ನು ಮನೆಗೆ ತಂದು, ಬಟ್ಟೆಯ ಅಂಚಿನಲ್ಲಿ ಕಾಣುವ ನಾಲ್ಕು ಬೆರಳು ತೋರಿಸಿ "ಇದು ನಂದು" ಎನ್ನುತ್ತಿದ್ದ. ಗಂಗೆ ಕಣ್ಣು ಕಿರಿದು ಮಾಡಿ ನೋಡಿ, "ಉಗುರು ತೆಗೀಬೇಕಿತ್ತು" ಎಂದು ಒಳಗೆ ಹೋಗುತ್ತಿದ್ದಳು.

ಇಂಥ ಬೈರಣ್ಣನಿಗೆ ಈ ಸಲದ ದೀಪಾವಳಿಯ ಹೊಸ್ತಿಲಲ್ಲಿ ಸಿರ್ಸಿಯಲ್ಲಿ ಮೈಕು ಸಿಕ್ಕಿತು.

ಸಿಕ್ಕಿದ್ದು ಹೇಗೆಂದರೆ, ಮುಖ್ಯ ಭಾಷಣ ಮಾಡಬೇಕಾದ ಮುಖಂಡರು ಯಲ್ಲಾಪುರದಲ್ಲಿ ಯಾವುದೋ ಬಟ್ಟೆ ಅಂಗಡಿಯ ಉದ್ಘಾಟನೆಯಲ್ಲಿ ಸಿಕ್ಕಿಹಾಕಿಕೊಂಡಿದ್ದರು. ರಿಬ್ಬನ್ ಕತ್ತರಿಸಿಯಾಗಿತ್ತು, ಊಟ ಮುಗಿದಿರಲಿಲ್ಲ. ಇತ್ತ ಸಿರ್ಸಿಯ ಬಿಸಿಲಲ್ಲಿ ಕೂತ ಜನ ಏಳಲಿಕ್ಕೆ ಶುರುಮಾಡಿದರು. ಬನವಾಸಿ ಕಡೆಯವರು "ನಮ್ ಬಸ್ ಹೋಗ್ತೈತ್ರಿ" ಅಂದರು. ನಂದೊಳ್ಳಿಯಿಂದ ಬಂದವರು ಊಟ ಭಾಷಣಕ್ಕೆ ಮುಂಚೆಯೋ ಆಮೇಲೆಯೋ, ಒಂದು ತೀರ್ಮಾನ ಆಗಲಿ ಎಂದು ಹಟ ಹಿಡಿದರು. ಸಂಘಟಕನಿಗೆ ಬೆವರು ಕಿತ್ತುಕೊಂಡಿತು. ವೇದಿಕೆಯ ಪಕ್ಕ ಕೋಲು ಹಿಡಿದು ನಿಂತಿದ್ದ ಬೈರಣ್ಣನ ಕಡೆ ನೋಡಿ, "ಹಿರಿಯರು ಎರಡು ಮಾತಾಡ್ತಾರೆ" ಎಂದು ಮೈಕು ತುರುಕಿಬಿಟ್ಟ.

ಬೈರಣ್ಣನ ಹತ್ತಿರ ಹೇಳಲಿಕ್ಕೆ ಇದ್ದದ್ದು ಒಂದೇ ಕತೆ. ಜೀಪಿನ ಕತೆ. ಗುಡ್ಡದ ತುಂಡಿನಲ್ಲಿ ನೆಟ್ಟ ಸಸಿ ಕೀಳಲಿಕ್ಕೆ ಅರಣ್ಯ ಇಲಾಖೆಯ ಜೀಪು ಬಂದದ್ದು, ಅದರ ಮುಂದೆ ಅಡ್ಡ ಮಲಗಿ ವಾಪಸು ಕಳಿಸಿದ್ದು. ಬಸ್ಸಿನಲ್ಲಿ, ಚಾದಂಗಡಿಯಲ್ಲಿ, ಒಂದು ಸಲ ಪೊಲೀಸು ವ್ಯಾನಿನಲ್ಲಿ ಕೂಡ ಹೇಳಿ ಹೇಳಿ ಅದು ಚೆನ್ನಾಗಿ ಪಳಗಿತ್ತು. ಮನೆಯಲ್ಲಿ ಮಾತ್ರ ಹೇಳುವ ಸಂದರ್ಭ ಬಂದಿರಲಿಲ್ಲ. ಅದನ್ನೇ ಹೇಳಿದ. ಎದ್ದವರು ಕೂತರು. ಚಪ್ಪಾಳೆ ಬಿತ್ತು. ಊರಿನ ಕೇಬಲ್ ಚಾನೆಲಿನ ಕ್ಯಾಮರಾದವನು ಹತ್ತಿರ ಬಂದು, "ಅಜ್ಜಾ, ಪಾಡ್ಯದ ಸಂಜೆ ಏಳರ ವಾರ್ತೆಲಿ ಬರ್ತದೆ, ನೋಡಿ" ಅಂದ.

ಬಸ್ಸು ಇಳಿದಲ್ಲಿಂದ ಮನೆ ಮುಟ್ಟುವತನಕ ಬೈರಣ್ಣ ಸಿಕ್ಕಿದವರಿಗೆಲ್ಲ ಹೇಳಿದ. ನಾಯಿಗಳಿಗೆ ಮಾತ್ರ ಹೇಳಲಿಲ್ಲ. ಪಕ್ಕದ ಮನೆಯ ತಿಮ್ಮ ಬೇಲಿಯಾಚೆಯಿಂದ ಕೇಳಿಸಿಕೊಂಡು ನಕ್ಕ. ತಿಮ್ಮ ಯಾವ ಪಕ್ಷ ಆಳುತ್ತದೋ ಆ ಪಕ್ಷದವನು. ಹೋರಾಟಕ್ಕೆ ಒಂದು ದಿನವೂ ಬಂದವನಲ್ಲ. ಅವನ ಮನೆಯ ಹಿತ್ತಲೂ ಅದೇ ಗುಡ್ಡಕ್ಕೆ ಹತ್ತಿದೆ, ಅದಕ್ಕೂ ಕಾಗದ ಇಲ್ಲ, ಆದರೂ.

"ನಿಂಗೆ ಮೈಕ್ ಕೊಟ್ರಾ ಬೈರಣ್ಣ? ಒರೆಸಿಡು ಅಂತ ಕೊಟ್ಟಿರಬೇಕು."

"ಪಾಡ್ಯದ ಸಂಜೆ ಬಾ. ಟೀವಿಲಿ ನೋಡು."

"ಟೀವಿಲಿ ನೀ ಮಾತಾಡಿದ್ದು ಕಂಡ್ರೆ, ಮುಂದಿನ ಸಲ ನಿನ್ನ ಬ್ಯಾನರಿನ ಬಲಗಡೆ ಕೋಲು ನಾನೇ ಹಿಡೀತೀನಿ. ಸಿರ್ಸಿ ಪೇಟೆ ತುಂಬ."

ಗಂಗೆ ಅಂಗಳದಲ್ಲಿ ಸಗಣಿ ಸಾರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಬಾಯಿ ಬಿಟ್ಟು ಎರಡು ಮಾತಾಡಿದ್ದು ನನ್ನ ಕಣ್ಣಲ್ಲಿ ಕಂಡ್ರೆ, ಪಲಾವಿನ ಸುದ್ದಿ ಇನ್ನು ಎತ್ತಲ್ಲ" ಅಂದಳು.

ಬೈರಣ್ಣನಿಗೆ ಪಟ್ಟ ಸಿಕ್ಕಿದ್ದರೂ ಅಷ್ಟು ಖುಷಿಯಾಗುತ್ತಿತ್ತೋ ಇಲ್ಲವೋ.

ಪಾಡ್ಯದ ಬೆಳಿಗ್ಗೆ ದನಗಳನ್ನು ಮೀಯಿಸಿ ಕೆಮ್ಮಣ್ಣು, ಬಿಳಿ ಶೇಡಿಮಣ್ಣು ಕಲಸಿಟ್ಟರು. ಅಕ್ಕಿ ಅಳೆಯುವ ಸಿದ್ದೆಯ ಬಾಯನ್ನು ಕೆಂಪಿಗೊಮ್ಮೆ ಬಿಳಿಗೊಮ್ಮೆ ಅದ್ದಿ ದನದ ಮೈಮೇಲೆ ಉಂಗುರ ಉಂಗುರವಾಗಿ ಒತ್ತುವುದು ಈ ಕಡೆಯ ಪದ್ಧತಿ. ದನ ಆದ ಮೇಲೆ ದುಡಿಯುವ ಸಾಮಾನಿನ ಪಾಳಿ. ನೇಗಿಲು, ಹಾರೆ, ಗುದ್ದಲಿ, ಕತ್ತಿ, ಒನಕೆ. ಈಚೆಗೆ ಮಗ ಉಲ್ಲಾಸನ ಬೈಕು, ಗಂಗೆಯ ಮಿಕ್ಸಿ ಕೂಡ ಸೇರಿಕೊಂಡಿದ್ದವು. ಬೈರಣ್ಣ ದೇವರಿಗೆ ಕೈಮುಗಿಯುವುದು ಕಮ್ಮಿ, ಸಾಹೇಬರಿಗೆ ಇನ್ನೂ ಕಮ್ಮಿ. ದೀಪಾವಳಿಯಲ್ಲಿ ದುಡಿಮೆಯ ಸಾಮಾನಿಗೆ ಮಾತ್ರ ಬಗ್ಗುತ್ತಿದ್ದ. ಟೀವಿಗೆ ಯಾವ ವರ್ಷವೂ ಹಚ್ಚಲಿಕ್ಕೆ ಬಿಟ್ಟಿರಲಿಲ್ಲ. "ಅದೆಂತ ದುಡೀತದೆ? ಕೂತಲ್ಲೇ ಕೂತು ಕೂಗೋದು, ಶಾಸಕರ ಹಂಗೆ" ಅನ್ನುತ್ತಿದ್ದ.

ಈ ವರ್ಷ ಕೆಮ್ಮಣ್ಣಿನ ಬಟ್ಟಲು ಹಿಡಿದುಕೊಂಡು ಸೀದಾ ಜಗಲಿಗೆ ಬಂದ. ಟೀವಿಯಲ್ಲಿ ಗಂಗೆ ಹಬ್ಬದ ಫಲ ಕೇಳಲಿಕ್ಕೆ ಹಾಕಿಟ್ಟಿದ್ದ ಜ್ಯೋತಿಷಿ ಮಾತಾಡುತ್ತಿದ್ದ. ಬೈರಣ್ಣ ಗೋಡೆಯ ಸ್ವಿಚ್ಚು ಒತ್ತಿ ಅವನ ಬಾಯಿ ಮುಚ್ಚಿಸಿ, ಟೀವಿಯ ಚೌಕಟ್ಟಿಗೆ ನಾಲ್ಕು ಮೂಲೆಯಲ್ಲಿ ನಾಲ್ಕು ಉಂಗುರ ಒತ್ತಿದ. ಆಮೇಲೆ ಟೀವಿಯ ಕೆಳಗೆ ಹಲಗೆಯ ಮೇಲೆ ಕೂತಿದ್ದ ಕೇಬಲ್ ಪೆಟ್ಟಿಗೆ ಕಣ್ಣಿಗೆ ಬಿತ್ತು. ಸಿರ್ಸಿಯನ್ನು ಮನೆಗೆ ತರುವುದು ಇದೇ ಅಲ್ಲವೇ? ಬಾಟ್ಲಿಯ ಮುಚ್ಚಳ ಅದ್ದಿ ಅದರ ಮುಂಭಾಗದ ಕರೀ ಗಾಜಿನ ಪಟ್ಟಿಯ ಮೇಲೆ ಚೆಂದದ್ದೊಂದು ಉಂಗುರ ಒತ್ತಿ, ನಡುವೆ ಹೆಬ್ಬೆರಳಿಂದ ದಪ್ಪಕ್ಕೆ ಒಂದು ಬೊಟ್ಟು ಇಟ್ಟ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಎತ್ತಿಗಿಂತ ಲಕ್ಷಣವಾಗಿ ಕಂಡಿತು.

"ಅದಕ್ಕೆ ಹುಲ್ಲೂ ಹಾಕು" ಎಂದಳು ಗಂಗೆ, ಕಡುಬಿನ ಹಿಟ್ಟಿನ ಕೈಯಲ್ಲಿ.

ಸಂಜೆಗೆ ಜಗಲಿ ತುಂಬಿತು. ತುಂಬಿತು ಅಂದರೆ, ತಿಮ್ಮ ಬಂದ, ಕೆಳಗಿನ ಮನೆಯ ಸಾವಿತ್ರವ್ವ ಬಂದಳು, ಇನ್ನು ಕೇರಿಯ ನಾಲ್ಕಾರು ಜನ ಬಾಗಿಲಲ್ಲಿ ನಿಂತರು. ತಿಮ್ಮನ ಮನೆಯಲ್ಲೇ ದೊಡ್ಡ ಟೀವಿ ಉಂಟು. ಆದರೆ ಅವನದ್ದು ಡಿಶ್ಶು. ಅದರಲ್ಲಿ ದಿಲ್ಲಿ ಬರುತ್ತದೆ, ಸಿರ್ಸಿ ಬರುವುದಿಲ್ಲ. ಫೋನಿನಲ್ಲಿ ನೋಡಬಹುದಿತ್ತಲ್ಲ ಎಂದು ಒಬ್ಬ ಕೇಳಿದ್ದಕ್ಕೆ ಬೈರಣ್ಣ, "ಬೇಲಿಯ ದಣಪೆ ದಾಟಿ ರಸ್ತೆಗೆ ಹೋಗಿ ನಿಂತ್ರೆ ಒಂದು ಕಡ್ಡಿ ಸಿಗ್ನಲ್ಲು. ಮತ್ತೆ ಅಂಗೈ ಅಗಲದಲ್ಲಿ ನೋಡಲಿಕ್ಕೆ ನಾನೆಂತ ಇರುವೆಯಾ?" ಅಂದ.

ಸ್ವಿಚ್ಚು ಹಾಕಿದರು. ಬೆಳಿಗ್ಗೆ ಎಲ್ಲಿ ಬಾಯಿ ಮುಚ್ಚಿದ್ದನೋ ಅಲ್ಲಿಗೇ ಜ್ಯೋತಿಷಿ ಬಾಯಿ ತೆರೆದ. ಉಲ್ಲಾಸ ರಿಮೋಟ್ ಎತ್ತಿ ಊರ ಚಾನೆಲಿನ ನಂಬರು ಒತ್ತಿದ. ಜ್ಯೋತಿಷಿ ಅಲುಗಲಿಲ್ಲ. ಮತ್ತೆ ಒತ್ತಿದ. ಜ್ಯೋತಿಷಿ ಮೇಷ ರಾಶಿಗೆ ಕಾಲಿಟ್ಟ.

"ತಾ ಇಲ್ಲಿ" ಎಂದು ಬೈರಣ್ಣ ಕಿತ್ತುಕೊಂಡ. ರಿಮೋಟು ಹೊಸದರಲ್ಲಿ ಬಂದ ಪ್ಲಾಸ್ಟಿಕ್ ಕೊಟ್ಟೆಯೊಳಗೇ ಇತ್ತು. ಮಣ್ಣಿನ ಕೈ, ಸಗಣಿ ಕೈ, ಹಿಟ್ಟಿನ ಕೈ ಎಲ್ಲ ತಾಗಿ ಕೊಟ್ಟೆ ಎಮ್ಮೆಯ ಚರ್ಮದ ಬಣ್ಣಕ್ಕೆ ಬಂದಿತ್ತು. ಅವನು ಹೆಬ್ಬೆರಳು ಬೆಳ್ಳಗಾಗುವಂತೆ ಒತ್ತಿದ. ಉಗುರಿನಿಂದ ಒತ್ತಿದ. ಕೈ ಉದ್ದ ಚಾಚಿ, ಮೊಣಕಾಲು ಊರಿ, ಪೆಟ್ಟಿಗೆಯ ಮೂತಿಗೆ ಮುಟ್ಟಿಸಿ ಒತ್ತಿದ. ವೃಷಭ ರಾಶಿ ಬಂತು.

"ಮನವಿ ಕೊಟ್ಟು ನೋಡು ಬೈರಣ್ಣ" ಅಂದ ತಿಮ್ಮ. "ಪರಿಶೀಲಿಸ್ತದೆ."

ಕೊಟ್ಟೆ ಬಿಚ್ಚಿದರು. ರಿಮೋಟನ್ನು ತೊಡೆಗೆ ಬಡಿದರು. ಅಂಗೈಗೆ ಬಡಿದರು. ಕಂಬಕ್ಕೆ ಬಡಿಯಲಿಕ್ಕೆ ಹೋದ ಬೈರಣ್ಣನನ್ನು ಉಲ್ಲಾಸ ತಡೆದ. "ಅಪ್ಪಾ, ಇದು ಸೆಲ್ಲಿಂದು." ಹಿಂದಿನ ಮುಚ್ಚಳ ತೆಗೆದು ಎರಡೂ ಸೆಲ್ಲುಗಳನ್ನು ಹೆಬ್ಬೆರಳಿಂದ ಗರಗರ ತಿರುಗಿಸಿದ. ಇದು ಈ ದೇಶದಲ್ಲಿ ಎಲ್ಲರಿಗೂ ಹುಟ್ಟಿನಿಂದ ಬರುವ ವಿದ್ಯೆ. ಅದೂ ಫಲಿಸಲಿಲ್ಲ. ಸಾವಿತ್ರವ್ವ "ಕಚ್ಚು, ಕಚ್ಚು. ನಮ್ಮನೇರು ಬ್ಯಾಟ್ರಿ ಸೆಲ್ಲು ಹಲ್ಲಲ್ಲಿ ಕಚ್ಚಿಯೇ ಒಂದು ಮಳೆಗಾಲ ಕಳೀತಿದ್ರು" ಎಂದಳು. ಬೈರಣ್ಣ ಕಚ್ಚಿದ. ಇದ್ದ ಹಲ್ಲುಗಳಲ್ಲಿ ಒಂದು ಅಲುಗಿತೇ ಹೊರತು ಚಾನೆಲು ಅಲುಗಲಿಲ್ಲ. ಸೆಲ್ಲನ್ನು ಒಲೆಯ ಕಟ್ಟೆಯ ಮೇಲಿಟ್ಟು ಬಿಸಿ ಮಾಡಿದರು. ಗೋಡೆಯ ಗಡಿಯಾರ ಇಳಿಸಿ ಅದರ ಸೆಲ್ಲು ತೆಗೆದರು. ಅದು ದಪ್ಪ, ರಿಮೋಟಿನದ್ದು ಸಪೂರ. ತಿರುಗಿ ಗಡಿಯಾರಕ್ಕೇ ಹಾಕುವಾಗ ತಲೆಕೆಳಗಾಯಿತು. ಗಡಿಯಾರವೂ ನಿಂತಿತು.

"ಇನ್ನು ಏಳು ಆಗೋದೇ ಇಲ್ಲ" ಅಂದ ತಿಮ್ಮ. "ನೀ ಅರಾಮ್ ಕೂತ್ಕ ಬೈರಣ್ಣ."

ಆದರೂ ತಿಮ್ಮ ಕೆಟ್ಟವನೇನಲ್ಲ. ಮನೆಗೆ ಓಡಿಹೋಗಿ ತನ್ನ ರಿಮೋಟಿನ ಸೆಲ್ಲುಗಳನ್ನು ಕಳಚಿ ತಂದ. ಹೊಸವು, ಮೊನ್ನೆ ಸಿದ್ದಾಪುರದಿಂದ ತಂದವು. ಹಾಕಿದರು, ಒತ್ತಿದರು. ಜ್ಯೋತಿಷಿ ಕರ್ಕಾಟಕಕ್ಕೆ ಬಂದಿದ್ದ. "ವೀಕ್ಷಕರೇ, ಈ ರಾಶಿಯವರಿಗೆ ಈ ಮಾಸದಲ್ಲಿ ಭೂಲಾಭ! ಕೈತಪ್ಪಿದ ಭೂಮಿ ಕೈಸೇರುವ ಯೋಗ!"

"ನಿಂದು ಎಂತಾ ರಾಶಿನಾ?" ಎಂದು ಸಾವಿತ್ರವ್ವ ಕೇಳಿದಳು.

"ನಂದು ಅತಿಕ್ರಮಣ ರಾಶಿ" ಎಂದು ಬೈರಣ್ಣ ಹಲ್ಲು ಕಡಿದ.

ಉಲ್ಲಾಸ ದಣಪೆ ದಾಟಿ ರಸ್ತೆಗೆ ಓಡಿದ. ಅಲ್ಲಿ ನಿಂತು ಸಿದ್ದಾಪುರದ ಗನಿಗೆ ಫೋನು ಹಚ್ಚಿದ. ಗನಿ ಈ ಕಡೆಯ ಊರುಗಳಿಗೆ ಕೇಬಲು ಎಳೆದವನು, ಕಂಬದಿಂದ ಕಂಬಕ್ಕೆ ಹಾರುವ ಮಂಗ ತಂತಿ ಹರಿದಾಗಲೆಲ್ಲ ಬೈಗುಳ ತಿನ್ನುವವನು. ಉಲ್ಲಾಸ ಅಲ್ಲಿಂದ ಕೂಗುವುದು, ಬಾಗಿಲಲ್ಲಿ ನಿಂತವರು ಒಳಗೆ ದಾಟಿಸುವುದು, ಒಳಗಿನ ಉತ್ತರ ಅದೇ ದಾರಿಯಲ್ಲಿ ವಾಪಸು ಹೋಗುವುದು. ಹೀಗೆ ನಡೆಯಿತು.

"ಪೆಟ್ಟಿಗೆ ಮೇಲೆ ಗುಂಡಿ ಉಂಟಾ ಅಂತ ಕೇಳ್ತಾನೆ!"

"ಆನ್ ಮಾಡೋದೊಂದೇ ಇರೋದು!"

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ಅಂತೆ!"

ಮಾಡಿದರು. ಪೆಟ್ಟಿಗೆ ಬಹಳ ಹೊತ್ತು ಯೋಚನೆ ಮಾಡಿ, ಕಡೆಗೆ ಜ್ಯೋತಿಷಿಯೇ ಸರಿ ಎಂದು ತೀರ್ಮಾನಿಸಿತು.

"ರಿಮೋಟಿನ ಮೂತಿ ಫೋನಿನ ಕ್ಯಾಮರಾಕ್ಕೆ ಹಿಡಿದು ಒತ್ತಿ ನೋಡಿ ಅಂತೆ! ಬೆಳಕು ಕಂಡ್ರೆ ರಿಮೋಟು ಸರಿ ಉಂಟು ಅಂತೆ!"

ತಿಮ್ಮ ತನ್ನ ಫೋನಿನ ಕ್ಯಾಮರಾ ತೆರೆದ. ಬೈರಣ್ಣ ಒತ್ತಿದ. ಕಣ್ಣಿಗೆ ಕಾಣದ ಬೆಳಕು ಫೋನಿನಲ್ಲಿ ನೇರಳೆ ಬಣ್ಣಕ್ಕೆ ಪಿಳಿಪಿಳಿ ಎಂದಿತು. ಎಲ್ಲರೂ ತಲೆ ಹಾಕಿ ನೋಡಿದರು.

"ಇದು ಹೇಳ್ತಾ ಅದೆ" ಅಂದ ತಿಮ್ಮ. ಈ ಸಲ ನಗಲಿಲ್ಲ. "ಪಾಪ, ಆಗಿಂದ ಹೇಳ್ತಾನೇ ಅದೆ. ಕೇಳಬೇಕಾದ್ದೇ ಕೇಳ್ತಾ ಇಲ್ಲ."

ಬೈರಣ್ಣನಿಗೆ ಎಲ್ಲೋ ಕಂಡ ವ್ಯವಹಾರ ಎನಿಸಿತು.

"ಪೆಟ್ಟಿಗೆ ಮುಂದೆ ಏನಾದ್ರೂ ಅಡ್ಡ ಉಂಟಾ ಅಂತ ಕೇಳ್ತಾನೆ!"

ಎಲ್ಲರೂ ಪೆಟ್ಟಿಗೆಯ ಕಡೆ ನೋಡಿದರು. ಮುಂದೆ ಹೂದಾನಿ ಇಲ್ಲ, ಬಟ್ಟೆ ಇಲ್ಲ, ಬೆಕ್ಕು ಇಲ್ಲ. ಕೆಮ್ಮಣ್ಣಿನ ಉಂಗುರ ಇತ್ತು. ಅದು ಎಲ್ಲರಿಗೂ ಕಂಡಿತು. ಆದರೆ ಹಬ್ಬಕ್ಕೆ ಹಚ್ಚಿದ್ದು ಅಡ್ಡ ಹೇಗಾಗುತ್ತದೆ? ಎತ್ತಿಗೆ ಹಚ್ಚಿದರೆ ಎತ್ತು ನಡೆಯುವುದನ್ನು ಬಿಡುತ್ತದೆಯೇ?

"ಎಂತದೂ ಇಲ್ಲ!" ಎಂದು ಬೈರಣ್ಣನೇ ಕೂಗಿದ.

"ಹಂಗಾದ್ರೆ ಪೆಟ್ಟಿಗೆ ಹೋಗಿರಬೇಕಂತೆ! ನಾಡಿದ್ದು ಬತ್ತಾನಂತೆ!"

ನಾಡಿದ್ದು! ಈ ಮಾತಿಗೆ ಬೈರಣ್ಣನ ತಲೆ ಕೆಟ್ಟಿತು. ಆಯುಷ್ಯವೆಲ್ಲ ಕಚೇರಿಗಳ ಬಾಗಿಲಲ್ಲಿ ಕೇಳಿದ ಶಬ್ದ ಅದು. ಎದುರಿಗೆ ಗಂಗೆ ಗೋಡೆಗೆ ಒರಗಿ ಕೂತು, ಕವಳದ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತ, ಗಂಡನನ್ನೂ ಜ್ಯೋತಿಷಿಯನ್ನೂ ಸಮವಾಗಿ ನೋಡುತ್ತಿದ್ದಳು. ಅವಳ ಮುಖದಲ್ಲಿ ಬೇಜಾರೂ ಇರಲಿಲ್ಲ, ಆಶ್ಚರ್ಯವೂ ಇರಲಿಲ್ಲ. ಇದೂ ಚಿತ್ರಾನ್ನವೇ ಎಂದು ತೀರ್ಮಾನ ಮಾಡಿದವಳ ಮುಖ. ಬೈರಣ್ಣನಿಗೆ ಅದನ್ನು ತಡೆಯಲಾಗಲಿಲ್ಲ.

ಹೆಗಲಿನ ಟವೆಲು ಎಳೆದು ಪೆಟ್ಟಿಗೆಯ ಎದುರಿಗೆ ಕುಕ್ಕರುಗಾಲಿನಲ್ಲಿ ಕೂತ.

"ಎಲಾ ಇದರ! ಮೈಮುರಿದು ದುಡಿಯೋ ಎತ್ತಿಗೆ ಹಚ್ಚೋದನ್ನ ತಂದು ನಿನ್ನ ಮೂತಿಗೆ ಹಚ್ಚಿದ್ನಲ, ನನ್ನ ಬುದ್ಧಿಗೆ ಹೊಡೀಬೇಕು. ಮರ್ಯಾದೆ ಕೊಟ್ಟಷ್ಟೂ ಕೊಬ್ಬು ನಿಂಗೆ. ಕೊಟ್ಟಿದ್ದು ವಾಪಸ್ ತಗಂಡೆ, ಹೋಗು!"

ಎಂಜಲು ಉಗಿದು ಟವೆಲು ಒದ್ದೆ ಮಾಡಿ, ಕೆಮ್ಮಣ್ಣಿನ ಬೊಟ್ಟನ್ನು ಗಸಗಸ ತಿಕ್ಕಿ ಒರೆಸಿದ. ಉಂಗುರವೂ ಹೋಯಿತು. ಸಾವಿತ್ರವ್ವ "ಹಬ್ಬದ ದಿವ್ಸ ಅಳಿಸಬಾರ್ದಾ" ಎಂದದ್ದು ಅವನ ಕಿವಿಗೆ ಬೀಳಲಿಲ್ಲ. ಸಿಟ್ಟಿಗೆ ರಿಮೋಟನ್ನು ಪೆಟ್ಟಿಗೆಯ ಮುಖದ ಮೇಲೇ ಒಗೆಯಲಿಕ್ಕೆಂದು ಎತ್ತಿದ. ಎತ್ತುವಾಗ ಹೆಬ್ಬೆರಳು ಎಲ್ಲಿಗೋ ತಾಗಿತು.

ಜ್ಯೋತಿಷಿ ಮಾಯವಾದ. ಯಾರೋ ಹೆಂಗಸು ದೋಸೆ ಹುಯ್ಯುತ್ತಿದ್ದಳು.

ರಸ್ತೆಯಿಂದ ಓಡಿ ಬಂದ ಉಲ್ಲಾಸ ಬಗ್ಗಿ ನೋಡಿದ. ಒರೆಸಿದ ಜಾಗದಲ್ಲಿ ಕರೀ ಗಾಜಿನ ಹಿಂದೆ ಸಾಸಿವೆ ಕಾಳಿನಷ್ಟು ಕೆಂಪು ದೀಪ, ಅದರ ಪಕ್ಕ ಒಂದು ಸಣ್ಣ ಗುಳ್ಳೆ. "ಅಪ್ಪಾ, ರಿಮೋಟು ಹೇಳಿದ್ದು ಕೇಳೋ ಜಾಗ ಇದು! ನೀ ಇದಕ್ಕೇ ಮಣ್ಣು ಮೆತ್ತಿದ್ಯಲ!"

"ಮೆತ್ತಿದ್ದು ಹೌದು, ಒರೆಸಿದ್ದೂ ನಾನೇ ಹೌದು" ಅಂದ ಬೈರಣ್ಣ. "ಮೊದಲು ನಂಬರ್ ಒತ್ತು. ಹೊತ್ತು ಹೋಯ್ತು."

ಊರ ಚಾನೆಲು ಬಂತು. ವಾರ್ತೆ ಅರ್ಧ ಮುಗಿದಿತ್ತು. ಯಾರದೋ ತೋಟಕ್ಕೆ ಕಾಡೆಮ್ಮೆ ನುಗ್ಗಿದ ಸುದ್ದಿ ಹೋಗಿ, ಸಿರ್ಸಿಯ ಮೆರವಣಿಗೆ ಬಂತು. ಆಮೇಲೆ, ಇದ್ದಕ್ಕಿದ್ದ ಹಾಗೆ, ಪರದೆಯ ತುಂಬ ಬೈರಣ್ಣನ ಮುಖ. ಹಿಂದೆ ಬ್ಯಾನರು. ಕೈಯಲ್ಲಿ ಮೈಕು.

"ಅಯ್ಯಬ್ಬ! ನೀನೇಯ!" ಎಂದಳು ಸಾವಿತ್ರವ್ವ. ಗಂಗೆ ಕವಳ ಜಗಿಯುವುದನ್ನು ನಿಲ್ಲಿಸಿದಳು.

ಪರದೆಯ ಬೈರಣ್ಣ ಕೈ ಬೀಸುತ್ತಿದ್ದ, ಬಾಯಿ ಆಡುತ್ತಿತ್ತು. ಸದ್ದು ಮಾತ್ರ ಅವನದ್ದಲ್ಲ. ವಾರ್ತೆ ಓದುವ ಹುಡುಗಿಯ ತೆಳು ದನಿ: "ಬೃಹತ್ ಸಮಾವೇಶವನ್ನುದ್ದೇಶಿಸಿ ಮಾತನಾಡಿದ ಹಿರಿಯ ಮುಖಂಡರು, ರೈತರ ತಾಳ್ಮೆಯನ್ನು ಪರೀಕ್ಷಿಸದಿರುವಂತೆ ಸರ್ಕಾರವನ್ನು ಎಚ್ಚರಿಸಿದರು." ಬೈರಣ್ಣನ ಎದೆಯ ಮೇಲೆ ಸರಿಯಾಗಿ, ಅವತ್ತು ಬಾರದೇ ಹೋದ ಮುಖಂಡರ ಹೆಸರು ಬರೆದಿತ್ತು. ಅದರ ಮೇಲೆ, ಅವನ ಗದ್ದಕ್ಕೆ ತಾಗುವಂತೆ, ಹಬ್ಬದ ಸೀರೆಗಳ ರಿಯಾಯಿತಿ ಓಡುತ್ತಿತ್ತು. ಅಷ್ಟರಲ್ಲಿ ಮುಗಿಯಿತು.

"ಬಾಯಿ ಆಡ್ತು" ಅಂದ ತಿಮ್ಮ. "ಅದು ಹೌದು. ಕವಳ ಹಾಕಿದ್ರೂ ಆಡ್ತದೆ. ಮಾತು ಎಲ್ಲಿ ಅದೆ ಬೈರಣ್ಣ?"

ಬೈರಣ್ಣ ಗಂಗೆಯ ಕಡೆ ನೋಡಿದ. ಗಂಗೆ, "ಅಂಗಿ ಗುಂಡಿ ಒಂದು ಹಾಕಿರ್ಲಿಲ್ಲ ನೀನು" ಅಂದಳು. ಅಷ್ಟೇ. ಪಲಾವೂ ಇಲ್ಲ, ಚಿತ್ರಾನ್ನವೂ ಇಲ್ಲ.

ಈ ಚಾನೆಲಿಗೆ ಸುದ್ದಿ ಕಮ್ಮಿ, ಹೊತ್ತು ಜಾಸ್ತಿ. ಒಂದೇ ವಾರ್ತೆಯನ್ನು ನಡುವೆ ಜಾಹೀರಾತು ಹಾಕಿ ಮತ್ತೆ ಮತ್ತೆ ತಿರುವುತ್ತಾರೆ. ಅದು ಗೊತ್ತಿದ್ದ ಬೈರಣ್ಣ, ಕಾಡೆಮ್ಮೆ ಮತ್ತೆ ತೋಟಕ್ಕೆ ನುಗ್ಗುವತನಕ ಕಾದ.

"ಉಲ್ಲಾಸಾ, ಇದರ ಬಾಯಿ ಮುಚ್ಚಿಸೋ ಗುಂಡಿ ಯಾವ್ದು?"

ಉಲ್ಲಾಸ ತೋರಿಸಿದ. ಮೆರವಣಿಗೆ ಬರುತ್ತಿದ್ದಂತೆ ಬೈರಣ್ಣ ಆ ಗುಂಡಿ ಒತ್ತಿದ. ಹುಡುಗಿಯ ದನಿ ನಿಂತಿತು. ಅವನು ಎದ್ದು ಟೀವಿಯ ಪಕ್ಕ ನಿಂತು, ಒದ್ದೆ ಟವೆಲನ್ನು ಹೆಗಲಿಗೆ ಹಾಕಿಕೊಂಡು, ರಿಮೋಟನ್ನೇ ಮೈಕಿನ ಹಾಗೆ ಬಾಯಿಯ ಹತ್ತಿರ ಹಿಡಿದ.

"ಅಧ್ಯಕ್ಷರೇ, ವೇದಿಕೆ ಮೇಲಿರುವ ಗಣ್ಯರೇ—"

"ಇಲ್ಲಿ ಗಣ್ಯರು ಯಾರಾ?" ಎಂದಳು ಸಾವಿತ್ರವ್ವ. ತಿಮ್ಮ ಕೈ ಎತ್ತಿದ.

ಬೈರಣ್ಣ ಬಿಡಲಿಲ್ಲ. ಅಪ್ಪನ ಗೇಣಿಯಿಂದ ಹಿಡಿದ. ಗುಡ್ಡದ ಕಲ್ಲು ಹೆಕ್ಕಿದ್ದು ಹೇಳಿದ. ಪುಸ್ತಕದೊಳಗಿನ ಕಾಡಿನಲ್ಲಿ ಹುಲಿ ಉಂಟೆಂದು ಬರೆದ ಸಾಹೇಬರು ತಮ್ಮ ಆಯುಷ್ಯದಲ್ಲಿ ಅಲ್ಲಿ ಕಂಡದ್ದು ಗಂಗೆಯ ಕೋಳಿಯನ್ನು ಮಾತ್ರ ಎಂದ. ಬಾಗಿಲಲ್ಲಿದ್ದವರು ನಕ್ಕರು. ತಿಮ್ಮ ಕೂಡ ನಕ್ಕು, ಆಮೇಲೆ ಮುಂದಕ್ಕೆ ಬಗ್ಗಿ ಕೂತ. ಅವನ ಹಿತ್ತಲೂ ಅದೇ ಗುಡ್ಡವಲ್ಲವೇ. ಪಕ್ಕದಲ್ಲಿ ಟೀವಿಯ ಬೈರಣ್ಣ ಸದ್ದಿಲ್ಲದೆ ಕೈ ಬೀಸಿ ಮುಗಿಸಿ, ಜಾಹೀರಾತಿಗೆ ಜಾಗ ಬಿಟ್ಟು ಹೋಗಿದ್ದ. ಜಗಲಿಯ ಬೈರಣ್ಣ ಈಗಷ್ಟೇ ಬಿಸಿಯಾಗಿದ್ದ.

"ಸಸಿ ಕೀಳಲಿಕ್ಕೆ ಜೀಪು ಬಂತು! ನಾನು ಹೆದರಲಿಲ್ಲ. ಮೊದಲು ನನ್ನ ಮೇಲೆ ಹತ್ತಿಸಿ, ಆಮೇಲೆ ಸಸಿ ಮುಟ್ಟಿ ಅಂದೆ. ಅಂದು, ಜೀಪಿನ ಮುಂದೆ ಅಂಗಾತ ಮಲಗಿಬಿಟ್ಟೆ!"

"ಯಾರು?" ಎಂದಳು ಗಂಗೆ.

ಬೈರಣ್ಣನ ಕೈ ಗಾಳಿಯಲ್ಲೇ ನಿಂತಿತು. "ಎಂತಾ ಯಾರು?"

"ಮಲಗಿದ್ದು ಯಾರು ಅಂತ."

ಸುಳ್ಳು ಹೇಳಬೇಕೆಂದು ಬೈರಣ್ಣ ಹೇಳಿದ್ದಲ್ಲ. ಮೊದಮೊದಲು "ನಾವು ಮಲಗಿದೆವು" ಎನ್ನುತ್ತಿದ್ದ. ಬಸ್ಸಿನಲ್ಲಿ ಕೇಳುವವರಿಗೆ "ನಾವು" ಎಂದರೆ ರುಚಿ ಹತ್ತುವುದಿಲ್ಲ. ಯಾವ ಊರು ದಾಟುವಾಗಲೋ "ನಾವು" ಹೋಗಿ "ನಾನು" ಆಯಿತು. ಹೇಳಿ ಹೇಳಿ, ಬೆನ್ನಿಗೆ ಒತ್ತಿದ ಕಲ್ಲು ಕೂಡ ಅವನಿಗೇ ನೆನಪಿತ್ತು.

"ನೀ ಅವತ್ತು ಊರಲ್ಲೇ ಇರ್ಲಿಲ್ಲ" ಅಂದಳು ಗಂಗೆ, ಎದ್ದು ಹೋಗಿ ಅಂಗಳಕ್ಕೆ ಕವಳ ಉಗಿದು ಬಂದು. "ಅರ್ಜಿ ಬರೆಸ್ಕ ಬತ್ತೀನಿ ಅಂತ ಸಿದ್ದಾಪುರಕ್ಕೆ ಹೋದವ, ಎಲ್ಲ ಮುಗಿದ ಮೇಲೆ ಬಂದೆ. ಮಲಗಿದ್ದು ನಾನು. ಅಂಗಾತ ಅಲ್ಲ, ಮಗ್ಗುಲು. ಈ ಉಲ್ಲಾಸ ಹೊಟ್ಟೆಲಿದ್ದ. ದಿನ ತುಂಬಿದ ಹೊಟ್ಟೆ ಇಟ್ಕಂಡು ಅಂಗಾತ ಮಲಗ್ಲಿಕ್ಕೆ ಆಗ್ತದಾ? ಹೇಳೋದಾದ್ರೆ ಸರಿಯಾಗಿ ಹೇಳು."

"ಹೌದು, ನಾನೇ ಕೈ ಹಿಡಿದು ಎಬ್ಬಿಸಿದ್ದು" ಅಂದಳು ಸಾವಿತ್ರವ್ವ. "ಸೆರಗೆಲ್ಲ ಕೆಸರು."

ಉಲ್ಲಾಸ ಅವ್ವನ ಮುಖ ನೋಡಿದ. ಜೀಪಿನ ಎದುರಿಗೆ ತಾನೂ ಮಲಗಿದ್ದೆ ಎಂಬುದು ಅವನಿಗೆ ಇವತ್ತೇ ಗೊತ್ತಾದದ್ದು.

"ನೀ ಯಾಕೆ ಒಂದು ದಿವ್ಸನೂ ಹೇಳ್ಲಿಲ್ಲ ಗಂಗಕ್ಕ?" ಎಂದು ತಿಮ್ಮ ಕೇಳಿದ.

"ಯಾರಿಗೆ ಹೇಳೋದಾ? ಸಭೆಗೆ ಇವ್ರ ಜೊತೆ ನಾನೂ ಹೋದ್ರೆ ದನ ಕಟ್ಟೋರು ಯಾರು?" ಗಂಗೆ ಕಂಬಕ್ಕೆ ಕೈಯೂರಿ ನಿಂತಳು. ದನಿ ಎತ್ತರಿಸಲಿಲ್ಲ. ದನ ಕರೆಯುವಷ್ಟೇ ದನಿ. ಆದರೂ ಬಾಗಿಲಲ್ಲಿದ್ದವರು ಒಳಗೆ ಬಂದು ಕೂತರು. "ಡ್ರೈವರು ಇಳಿದು ಬಂದ. 'ಏಳಮ್ಮ, ಬಸುರಿ ಹೆಂಗ್ಸು ನೀನು' ಅಂದ. ನಾ ಅಂದೆ, 'ನೀ ಯಾರಾ ಹೇಳ್ಲಿಕ್ಕೆ? ಆರ್ಡರ್ ತಂದವ್ರು ಒಳಗೆ ಕೂತಿದಾರಲ, ಅವ್ರು ಇಳಿದು ಬಂದು ಎಬ್ಬಿಸ್ಲಿ' ಅಂತ. ಸಾಯೇಬ್ರು ಬಾಗಿಲು ತೆಗೆದು ಒಂದು ಕಾಲು ಹೊರಗೆ ಇಟ್ರು. ಹೊಸ ಬೂಟು. ಫಳಫಳ ಅಂತಿತ್ತು. ಕೆಳಗೆ ನೋಡಿದ್ರೆ ಬೂಟು ಮುಳುಗೋವಷ್ಟು ಕೆಸರು—"

ಬೈರಣ್ಣ ಟೀವಿಯ ಪಕ್ಕ ಅದೇ ಭಂಗಿಯಲ್ಲಿ ನಿಂತಿದ್ದ. ಈ ಬೂಟಿನ ವಿಚಾರ ಅವನ ಕತೆಯಲ್ಲಿ ಇರಲೇ ಇಲ್ಲ. ಅವನಿಗೆ ಅದು ಗೊತ್ತೇ ಇರಲಿಲ್ಲ. ತನ್ನ ಭಾಷಣಕ್ಕೆ ಚಪ್ಪಾಳೆ ಬಿದ್ದಿತ್ತು ನಿಜ, ಆದರೆ ಹೀಗೆ ಯಾರೂ ಉಸಿರು ಹಿಡಿದು ಕೂತಿರಲಿಲ್ಲ. ಹೆಬ್ಬೆರಳು ಇನ್ನೂ ಆ ಗುಂಡಿಯ ಮೇಲೇ ಇತ್ತು. ಬೇಕೆಂದು ಮಾಡಿದನೋ, ಬೆವರಿಗೆ ಜಾರಿತೋ, ಒತ್ತಿದ. ಸದ್ದು ನಿಲ್ಲಿಸುವ ಗುಂಡಿ ಎರಡನೇ ಸಲ ಒತ್ತಿದರೆ ಸದ್ದು ತರುತ್ತದೆ.

"—ಮಾತನಾಡಿದ ಹಿರಿಯ ಮುಖಂಡರು, ರೈತರ ತಾಳ್ಮೆಯನ್ನು—" ಎಂದು, ಮತ್ತೊಂದು ಸುತ್ತಿಗೆ ಬಂದಿದ್ದ ಟೀವಿ ಕಿರುಚಿಕೊಂಡಿತು.

ಗಂಗೆ ಸೀದಾ ಹೋಗಿ ಗಂಡನ ಕೈಯಿಂದ ರಿಮೋಟು ಕಿತ್ತುಕೊಂಡಳು. ಪೆಟ್ಟಿಗೆಗೆ ಹಿಡಿದು ಒತ್ತಿದಳು. ಒಂದೇ ಒತ್ತಿಗೆ ಸುಮ್ಮನಾಯಿತು.

"ಬೈರಣ್ಣ, ಕೋಲಿನ ಮಾತು ಹೇಳಿದ್ನಲ, ತಪ್ಪಲ್ಲ ನಾನು" ಅಂದ ತಿಮ್ಮ. "ಬಲಗಡೆದು ನಾ ಹಿಡೀತೀನಿ. ಎಡಗಡೆದು ನಿಂದು ಇದ್ದದ್ದೇ. ಮೈಕಿನ ಹತ್ರ ಗಂಗಕ್ಕ ನಿಲ್ಲೋದಾದ್ರೆ ಮಾತ್ರ."

ಬೈರಣ್ಣ ಕೆಮ್ಮಣ್ಣು ಹತ್ತಿದ ಟವೆಲಿನಲ್ಲಿ ಮುಖ ಒರೆಸಿಕೊಂಡ. ಹಣೆಯಿಂದ ಗದ್ದದ ತನಕ ಕೆಂಪಾಯಿತು. ಯಾರೂ ಹೇಳಲಿಲ್ಲ. "ದನ ಯಾರು ಕಟ್ತಾರೆ?" ಎಂದ, ಸಣ್ಣಕೆ.

ಅದಕ್ಕೆ ಉತ್ತರ ಕೊಡುವ ಪುರುಸೊತ್ತು ಗಂಗೆಗೆ ಇರಲಿಲ್ಲ. ರಿಮೋಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕಂಬದ ಹತ್ತಿರ ಬಂದು ನಿಂತಳು.

"ಎಲ್ಲಿಗೆ ಬಂದಿತ್ತು?"

"ಸಾಯೇಬ್ರ ಬೂಟಿಗೆ" ಅಂದ ತಿಮ್ಮ.